ಮೊದಲು ಗೋಡೆ, ಆಮೇಲೆ ಚಹಾ

ಕಾಕಾ,

ಬದುಕಿದ್ದಾಗಲೇ ನಿಮಗೆ ಓದು ಬರುತ್ತಿರಲಿಲ್ಲ, ಈಗ ಪತ್ರ ಬರೆದರೆ ಏನು ಪ್ರಯೋಜನ ಅಂತ ಕಾಕಿ ನನ್ನನ್ನು ನೋಡಿ ನಗುತ್ತಿದ್ದಾರೆ. ಅಲ್ಲಿ ಓದು ಬಲ್ಲವರು ಒಬ್ಬರೂ ಇಲ್ಲವೇ? ಯಾರನ್ನಾದರೂ ಹಿಡಿದು ಕೂಡಿಸಿ ಓದಿಸಿಕೊಳ್ಳಿ. ಸುದ್ದಿ ಅಂಥದ್ದಿದೆ.

ನಾನು ನಿಮ್ಮ ಕೈಕೆಳಗೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದ ಕಾಲ ನೆನಪಿದೆಯಾ? ಒಂದು ಮಧ್ಯಾಹ್ನ ನೀವೆಲ್ಲ ಊಟಕ್ಕೆ ಕೂತಾಗ ನಿಮ್ಮ ಕರಣಿ ಕದ್ದು ಒಂದು ಮಾರು ಗೋಡೆಗೆ ಗಿಲಾವು ಬಳಿದಿದ್ದೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ನೀವು ಗೋಡೆಗೆ ಅಂಗೈ ಸವರಿ ನೋಡಿ, "ಕೈ ಚಲೋ ಐತಿ ರೇಣವ್ವ. ಬುಟ್ಟಿ ಇಳಸು," ಅಂದಿರಿ. ಹೆಂಗಸು ಮಿಸ್ತ್ರಿ ಆಗುವುದುಂಟೇ ಅಂತ ಉಳಿದವರು ನಕ್ಕಾಗ ಪಂಥವನ್ನೂ ಕಟ್ಟಿದಿರಿ: "ಮಂದಿ ನಿನ್ನ ಮಿಸ್ತ್ರಿ ಅಂತ ಕರದ ದಿನ ನಮ್ಮನ್ಯಾಗ ಬಿರಿಯಾನಿ!"

ನಿಮ್ಮ ಇನ್ನೊಂದು ಹಟ ಹಳೆಯ ಮನೆಗಳದ್ದು. ರಿಪೇರಿ ಶುರು ಮಾಡುವ ಮೊದಲು ಯಜಮಾನರ ಜೊತೆ ಮನೆಯೆಲ್ಲ ಸುತ್ತಿ, ಕರಣಿಯ ಹಿಡಿಯಿಂದ ಗೋಡೆ ತಟ್ಟಿ, ಕಂಡ ಬಿರುಕಿಗೆಲ್ಲ ಅವರ ಕೈಯಿಂದಲೇ ಕೆಮ್ಮಣ್ಣಿನ ಗೆರೆ ಎಳೆಸುತ್ತಿದ್ದಿರಿ. "ಇದು ಮೊದಲಿಂದ ಇತ್ತು ಅನ್ನಾಕ ನಿಮ್ಮ ಕೈನ ಸಾಕ್ಷಿರಿ." ಅಲ್ಲಿಯವರೆಗೆ ಹನಿ ಚಹಾ ಮುಟ್ಟುತ್ತಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಉಂಡ ಮನಿಯಾಗ ಹುಳುಕು ತೋರಸಾಕ ನಾಲಿಗಿ ಏಳೂದಿಲ್ಲ," ಅಂದಿದ್ದಿರಿ. ಮುದುಕರ ಮಾತು ಅಂತ ನಾನು ಒಳಗೊಳಗೇ ನಕ್ಕಿದ್ದೆ, ಕಾಕಾ.

ಹೋದ ವಾರ ನಮ್ಮ ಬಿಡಾರವಿರುವ ಮೋತಿ ಡೊಂಗರ್ ಗುಡ್ಡ ಇಳಿದು ಫಿಲೋಮಿನಾ ಬಾಯಿಯ ಮನೆಗೆ ಹೋದೆ. ನನ್ನ ಹೆಸರಿನಲ್ಲೇ ಹಿಡಿದ ಮೊದಲ ಕೆಲಸ. ಪಡಸಾಲೆಯ ಗೋಡೆ ತೇವ ಹಿಡಿದಿತ್ತು, ಹಳೆಯ ಗಿಲಾವು ಕೆತ್ತಿ ಹೊಸದು ಬಳಿಯಬೇಕಿತ್ತು. ಬಾಯಿ ಅರವತ್ತು ದಾಟಿದ ಒಳ್ಳೆಯ ಹೆಂಗಸು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಚಹಾ, ಒಂದು ತಟ್ಟೆ ತುಂಬ ದೊದೊಲ್ ತಂದಿಟ್ಟರು. ಬೆಲ್ಲ, ತೆಂಗಿನಹಾಲಿನ ಆ ಸಿಹಿ ನೋಡಿದ ಮೇಲೆ ನನಗೆ ನೀವಾದರೂ ಎಲ್ಲಿ ನೆನಪಾಗಬೇಕು? ಮೂರು ತುಂಡು ತಿಂದೆ. ತಿಂದಾದ ಮೇಲೆ ಗೋಡೆ ತಟ್ಟಿದೆ, ಗೆರೆಯನ್ನೂ ಎಳೆಸಿದೆ. ಆದರೆ ಮೇಣದ ಬತ್ತಿ ಉರಿಯುತ್ತಿದ್ದ ದೇವರ ಕಪಾಟನ್ನು ಸರಿಸಿರಿ ಅನ್ನಲು ನಾಲಿಗೆಯೇ ಏಳಲಿಲ್ಲ. ನೀವು ಹೇಳಿದ್ದು ಅಕ್ಷರಶಃ ಖರೇ ಆಯಿತು.

ಮೂರನೆಯ ದಿನ ಕಪಾಟು ಸರಿಸಲೇಬೇಕಾಯಿತು. ಅದರ ಹಿಂದೆ ಆಳೆತ್ತರದಿಂದ ನೆಲದವರೆಗೆ ಬೆರಳು ಹೋಗುವಷ್ಟು ಸೀಳು! "ತುವೆಂಚ್ ಮೊಡ್ಲೆಂ!" ಅಂದರು ಬಾಯಿ. ನೀನೇ ಒಡೆದದ್ದು, ನಿನ್ನ ಸುತ್ತಿಗೆಯ ಪೆಟ್ಟಿಗೇ ಗೋಡೆ ಸೀಳಿದ್ದು, ಇಡೀ ಗೋಡೆ ನಿನ್ನ ಹೊಣೆ, ಇಲ್ಲವಾದರೆ ನಾಳೆ ಬೇರೆ ಮಿಸ್ತ್ರಿ ಬರುತ್ತಾನೆ ಅಂತ. ಕೆಮ್ಮಣ್ಣಿನ ಗೆರೆ ಅಲ್ಲೊಂದೇ ಕಡೆ ಇರಲಿಲ್ಲ. ಈ ಕೆಲಸ ಹೋದರೆ ಊರ ತುಂಬ ಸುದ್ದಿಯಾಗಿ ಮತ್ತೆ ತಲೆಯ ಮೇಲೆ ಬುಟ್ಟಿ...

ಆಗ ನೀವೇ ಕಿವಿಯಲ್ಲಿ ಗೊಣಗಿದ ಹಾಗಾಯಿತು: "ಹೊಸಾ ಬಿರುಕಿನ ಬಾಯಿ ಸ್ವಚ್ಛ ಇರತೈತಿ. ಹಳೇದರ ಹೊಟ್ಟ್ಯಾಗ ಏನರ ಇದ್ದ ಇರತೈತಿ." ಕರಣಿಯ ಮೂತಿಯನ್ನು ಸೀಳಿನೊಳಗೆ ತೂರಿಸಿ ಮೆಲ್ಲಗೆ ಕೆರೆದೆ. ಜೇಡರ ಬಲೆ ಬಂತು, ಧೂಳು ಬಂತು, ಆಮೇಲೆ ಅಂಗೈಗೆ ನೀಲಿ ಸುಣ್ಣದ ಹಕ್ಕಳೆಗಳು ಬಿದ್ದವು. ಈಗ ಗೋಡೆಗಿರುವುದು ಹಳದಿ. ಬಾಯಿ ಕನ್ನಡಕ ಹಾಕಿಕೊಂಡು ನೋಡಿದರು, ನೋಡಿದವರೇ ಕುರ್ಚಿಯಲ್ಲಿ ಕೂತುಬಿಟ್ಟರು. ಆ ನೀಲಿ ಅವರ ಅಕ್ಕನ ಮದುವೆಗೆ ಅಪ್ಪ ತಮ್ಮ ಕೈಯಾರೆ ಬಳಿದದ್ದಂತೆ. ಆಗ ಬಾಯಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ಸೀಳಿನೊಳಗೆ ಆ ಸುಣ್ಣ ಇಳಿದಿದೆ ಅಂದರೆ ಸೀಳು ಅದಕ್ಕೂ ಮೊದಲಿನದು. "ನನ್ನ ವಾರಿಗೆಯದೇ ಇದು!" ಅಂತ ನಗತೊಡಗಿದರು. ಎಂಥ ನಗು ಅಂತೀರಿ! ನಾನೂ ಅವರ ಜೊತೆ ನಕ್ಕು ನಕ್ಕು ಸುಸ್ತಾದೆ.

ಅಲ್ಲಿಗೇ ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ಕೆಳಗೆ, ನೆಲದ ಹತ್ತಿರ, ಗೇಣುದ್ದದ ಒಂದು ಕವಲಿತ್ತು. ಅದರ ಬಾಯಿ ಬೆಳ್ಳಗೆ, ಸ್ವಚ್ಛವಾಗಿತ್ತು. ನಿಮ್ಮ ಶಿಷ್ಯಳಾಗಿ ನಾನು ಹೇಗೆ ಮುಚ್ಚಿಡಲಿ? "ಬಾಯಿ, ಅಷ್ಟೂ ಹಳೇದ್ರಿ, ಆದ್ರ ಇದೊಂದು ಗೇಣು ನಂದು. ನಾನ ಸರಿ ಮಾಡಿಕೊಡ್ತೇನಿ," ಅಂದೆ. ಅವರು ನನ್ನನ್ನೇ ನೋಡಿದರು. ಕೈ ಚಾಚಿ ಕೆಮ್ಮಣ್ಣು ತೆಗೆದುಕೊಂಡು ಉದ್ದನೆಯ ಸೀಳಿಗೆ ತಾವೇ ಗೆರೆ ಎಳೆದರು. ನನ್ನ ಗೇಣನ್ನು ಮಾತ್ರ ಹೊರಗೆ ಬಿಟ್ಟರು. ಕೆಲಸ ನನ್ನ ಕೈಯಲ್ಲೇ ಉಳಿಯಿತು, ಕಾಕಾ. ಮೊದಲು ಗೋಡೆ, ಆಮೇಲೆ ಚಹಾ ಅನ್ನುವ ನಿಮ್ಮ ಹಟವನ್ನೂ ಅವತ್ತೇ ಅವರಿಗೆ ಹೇಳಿದೆ.

ಇವತ್ತು ಬೆಳಿಗ್ಗೆ ಬಾಯಿ ನನ್ನನ್ನು ಆ ಅಕ್ಕನ ಮನೆಗೇ ಕರೆದುಕೊಂಡು ಹೋದರು, ಅಲ್ಲಿಯ ಅಡುಗೆಮನೆ ತೋರಿಸಲು. ಅಕ್ಕ ಚಹಾದ ತಟ್ಟೆ ಹಿಡಿದು ಬಂದರು. ನಾನು ಬೇಡ ಅನ್ನುವ ಮೊದಲೇ ಬಾಯಿ ಅಡ್ಡ ಬಂದು ಕೊಂಕಣಿಯಲ್ಲಿ ಗದರಿದರು: "ಒಳಗಿಡು ಅದನ್ನು. ನಮ್ಮ ಮಿಸ್ತ್ರಿ ಮೊದಲು ಗೋಡೆ ನೋಡುತ್ತಾಳೆ."

ಕೇಳಿಸಿತೇ? ಭಾನುವಾರ ಕಾಕಿ ಬಿರಿಯಾನಿ ಮಾಡುತ್ತಿದ್ದಾರೆ. ಪಂಥ ನೀವೇ ಗೆದ್ದದ್ದು, ನಿಮ್ಮ ಪಾಲನ್ನೂ ನಾನೇ ಉಣ್ಣುತ್ತೇನೆ.

ನಿಮ್ಮ
ರೇಣವ್ವ ಮಿಸ್ತ್ರಿ