ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿ

ಹಾಸನ
9-11-2008, ಭಾನುವಾರ

ಪ್ರೀತಿಯ ಅವ್ವನಿಗೆ, ನಿನ್ನ ಬಾಯಿಬಡುಕಿ ಮಗಳು ಸ್ನೇಹಲತಾ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಗಂಟಲು ಮಾತ್ರ ಕಟ್ಟಿದೆ, ಯಾಕೆಂದು ಮುಂದೆ ಗೊತ್ತಾಗುತ್ತದೆ. ನೀನು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿಲ್ಲವೆಂದು ನನಗೆ ಗೊತ್ತು, ಅದಕ್ಕೇ ಕೇಳುವುದಿಲ್ಲ.

ಮೊದಲು ಗುಂಡಯ್ಯ ಮೇಷ್ಟ್ರಿಗೆ ಒಂದು ಮಾತು. ಮೇಷ್ಟ್ರೇ, ಅವ್ವನಿಗೆ ಬರುವ ಕಾಗದಗಳನ್ನು ಓದಿ ಹೇಳುವವರು ನೀವೇ. ಯಾವಾಗಲೂ ನಮ್ಮ ನಡುಮನೆಯಲ್ಲಿ ಕೂತು, ಬಾಗಿಲು ಮುಂದೆ ಮಾಡಿ, ಯಾರಿಗೋ ಹೆದರಿದವರ ಹಾಗೆ ಪಿಸುಗುಡುತ್ತೀರಿ. ಇದನ್ನು ಹಾಗೆ ಓದಬೇಡಿ. ಜಗಲಿ ಮೇಲೆ ಕೂತು, ನಮಗೆ ಮಗ್ಗಿ ಹೇಳಿಕೊಡುತ್ತಿದ್ದ ದನಿಯಲ್ಲಿ ಓದಿ. ಸಂಜೆ ಎಲ್ಲರೂ ಡೈರಿಗೆ ಹಾಲು ಹಾಕಿ ಬರುವ ಹೊತ್ತಾದರೆ ಇನ್ನೂ ಒಳ್ಳೆಯದು. ಕೊನೆಯಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಂದಿಷ್ಟು ಬರೆದಿದ್ದೇನೆ. ಅದನ್ನು ಹೇಗೆ ಓದಬೇಕೆಂದು ಅಲ್ಲೇ ಹೇಳುತ್ತೇನೆ.

ಅವ್ವ, ಇದಕ್ಕೆ ಒಂದು ಫೋನು ಸಾಕಾಗಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ಹೇಳಿದ್ದು ನಿನ್ನೊಬ್ಬಳ ಕಿವಿಗೆ ಬೀಳುತ್ತದೆ. ನನಗೆ ಬೀದಿ ಬೇಕು.

ಹೋದ ವಾರ ನೀನು ಮೇಷ್ಟ್ರ ಫೋನಿನಿಂದ ಮಾತಾಡಿ, "ಆ ಆಡಿಂದ ನನ್ ಬೈಗ್ಳ ತೆಗ್ದಾಕ್ಬುಡು ಕಣವ್ವ" ಅಂದೆ. ಸಿನಿಮಾಕ್ಕಾಗಿ ನನ್ನ ಆ ಅಟ್ಟದ ಹಾಡನ್ನು ಹೊಸದಾಗಿ ರೆಕಾರ್ಡು ಮಾಡುತ್ತಾರೆಂಬ ಸುದ್ದಿ ದಂಡಿಗನಹಳ್ಳಿಗೆ ನನಗಿಂತ ಮುಂಚೆ ತಲುಪಿತ್ತು. ಬೈಗುಳ ಇಲ್ಲದ ಹಾಡು ಸಿನಿಮಾಕ್ಕೆ ಹೋದರೆ, ತೋಟದಲ್ಲಿ ಎರಡು ಸಾಲು ತೆಂಗನ್ನು ನಿನ್ನ ಹೆಸರಿಗೆ ಬರೆದುಕೊಡುತ್ತೇವೆಂದು ಅವರು ಹೇಳಿ ಕಳಿಸಿದ್ದಾರೆ ಎಂದೆ. ನಾನು ಸಿಡುಕಿದಾಗ, "ನೀನು ಬೆಂಗ್ಳೂರಲ್ಲಿ ಆಡ್ಕಂಡು ಓಯ್ತೀಯ, ನಾನು ನಾಳೀಕೂ ಇದೇ ಬೀದೀಲಿ ನೀರು ತರ್ಬೇಕು" ಅಂದೆ. ನೋಡೋಣ ಎಂದು ಫೋನು ಇಟ್ಟೆ. ಈಗ ಉತ್ತರ ಇದೆ. ತೆಗೆಯುವುದಿಲ್ಲ.

"ಅವರು" ಯಾರೆಂದು ನಾನು ಬರೆಯುವುದಿಲ್ಲ. ಹೆಸರೆತ್ತದೆ ಬಯ್ಯುವುದು ನಮ್ಮ ಬೀದಿಯ ಪದ್ಧತಿ, ಅದನ್ನು ಮುರಿಯುವವಳು ನಾನಲ್ಲ. ಅಪ್ಪ ಮಲಗಿದ ತೊಟ್ಟಿಲಲ್ಲಿ ಅಪ್ಪನಿಗಿಂತ ಮೊದಲು ಮಲಗಿದವರು, ನಮಗೂ ಅವರಿಗೂ ನಡುವೆ ಈಗಲೂ ಒಂದೇ ಗೋಡೆ ಅಂದರೆ ಸಾಕು. ಮೇಷ್ಟ್ರು ಸ್ವಲ್ಪ ಎಡಗಡೆ ತಿರುಗಿ ಓದಿದರೆ ಅವರಿಗೂ ಚೆನ್ನಾಗಿ ಕೇಳಿಸುತ್ತದೆ.

ಆಗ ನಾನು ಆರನೇ ಕ್ಲಾಸು. ಅಪ್ಪ ಕಾಯಿಲೆ ಬೀಳುವ ಮುಂಚೆ ಕೊನೆಯ ಸಲ ಕಾಯಿ ಕೆಡವಿಸಿ, ತನ್ನ ಕೈಯಾರೆ ಅಟ್ಟಕ್ಕೆ ತುಂಬಿದ್ದ. ಅದು ಒಣಗಿ ಕೊಬ್ಬರಿಯಾಗುವ ಹೊತ್ತಿಗೆ ಅಪ್ಪನೇ ಇರಲಿಲ್ಲ. ಇಲಿ ಓಡಾಡಿ ಒಂದು ಕಾಯಿ ಉರುಳಿದರೂ ನೀನು ಮಾಡುತ್ತಿದ್ದ ಕೆಲಸ ಬಿಟ್ಟು ತಲೆಯೆತ್ತಿ ನೋಡುತ್ತಿದ್ದೆ, ಅಪ್ಪನೇ ಮೇಲೆ ಓಡಾಡುತ್ತಿದ್ದಾನೆ ಅನ್ನುವ ಹಾಗೆ. ದುದ್ದದಲ್ಲಿ ಮಾವನ ಮದುವೆಗೆ ಹೋಗಿ ಬಂದೆವು. ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು, ಅಟ್ಟ ಬರಿದಾಗಿತ್ತು. ನಡುಗೋಡೆ ಹತ್ತಿದರೆ ನಮ್ಮ ಅಟ್ಟಕ್ಕೆ ದಾರಿಯಿದೆ ಎನ್ನುವುದು ಊರಿಗೆಲ್ಲ ಗೊತ್ತಿರುವ ಸಂಗತಿಯಲ್ಲ.

ನಮ್ಮ ಕಡೆ ಕೋಳಿ ಕಳುವಾದರೂ, ಯಾರೋ ದನ ಬಿಟ್ಟು ರಾಗಿ ಮೇಯಿಸಿದರೂ, ಹೆಂಗಸು ದೀಪ ಹಚ್ಚುವ ಮುಂಚೆ ಬೀದಿಯಲ್ಲಿ ನಿಂತು ಬಯ್ಯುತ್ತಾಳೆ. ಹೆಸರು ಹೇಳುವಂತಿಲ್ಲ. ಆಗ ಎಲ್ಲರೂ ಬಾಗಿಲು ಹಾಕಿಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಯಾರು ಬಾಗಿಲು ತೆಗೆದು "ಯಾರಿಗೆ ಬಯ್ತಿದ್ದೀಯ" ಅಂದರೋ ಅವರೇ ಕದ್ದವರೆಂದು ಲೆಕ್ಕ. ಪೊಲೀಸಿಗಿಂತ ಇದು ಎಷ್ಟೋ ವಾಸಿ.

ಆ ಸಂಜೆ ನೀನು ನಿಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಮುಂದಿಟ್ಟು, ಬಲಗೈ ಎತ್ತಿ ಎತ್ತಿ ಇಳಿಸುತ್ತಾ ಬಯ್ದೆ. ನಾನು ಹೊಸಲಿನ ಮೇಲೆ ಕೂತಿದ್ದೆ. ನನಗೆ ಭಯವಾಗಲಿಲ್ಲ, ಮೈ ಜುಮ್ಮೆಂದಿತು.

ಅಟ್ಟ ಅತ್ತಿದ ಕಾಲಿಗೆ ಇಳಿಯಾಕೆ ಏಣಿ ಸಿಗ್ದೆ ಓಗ್ಲಿ,
ತಿಂದಿದ್ದು ಗಂಟ್ಲಲ್ಲೇ ನಿಂತು ನೀರು ನೀರು ಅನ್ಲಿ,
ಆ ನೀರು ಕೊಡೋ ಕೈ ನಂದೇ ಆಗ್ಲಿ!

ಒಂದು ಬಾಗಿಲೂ ತೆಗೆಯಲಿಲ್ಲ. ಅದರ ಬದಲು ಊರಿನ ಯಜಮಾನರು ಬಂದರು. ಗಂಡ ಸತ್ತ ಹೆಂಗಸು ಹೀಗೆ ಬಾಯಿ ಮಾಡಿದರೆ ಮಗಳನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದು ಹೇಳಿ, ಕಟ್ಟೆಯ ಮುಂದೆ ನಿಲ್ಲಿಸಿ, ನಿನ್ನಿಂದ ತಪ್ಪಾಯಿತು ಅನ್ನಿಸಿದರು. ಕದ್ದವರು ಯಾರೆಂದು ಯಾರೂ ಕೇಳಲಿಲ್ಲ. ಕಳೆದುಕೊಂಡವಳು ತಪ್ಪಾಯಿತು ಅಂದು ಮನೆಗೆ ಬಂದಳು. ಅವತ್ತಿನಿಂದ ನೀನು ಕೋಳಿ ಕರೆಯುವಾಗಲೂ ಅಕ್ಕಪಕ್ಕ ನೋಡಿ ಕರೆಯುತ್ತೀಯ. ನನಗೆ ಕೋಪ ಇರುವುದು ಕೊಬ್ಬರಿಗಲ್ಲ ಅವ್ವ, ಇದಕ್ಕೆ.

ಹಾಸನಕ್ಕೆ ಡಿಗ್ರಿ ಓದಲು ಬಂದಾಗ ನನ್ನ ಬೆಂಚಿನ ಹಿಂದೆ ಪ್ರದ್ಯುಮ್ನ ಕೂರುತ್ತಿದ್ದ. ಹೊಳೆನರಸೀಪುರದ ಪುರೋಹಿತರ ಮನೆ ಹುಡುಗ, ನಮ್ಮನೆಗೆ ಬಂದು ಮೂರು ಮುದ್ದೆ ಉಂಡು ಎರಡು ದಿನ ಮಲಗಿದ್ದನಲ್ಲ, ಅವನೇ. ಅವರಪ್ಪನ ಪ್ರವಚನ ಹಿಡಿಯಲೆಂದು ಕೊಂಡಿದ್ದ ಟೇಪ್ ರೆಕಾರ್ಡರನ್ನು ಅವನು ಹೇಳದೆ ಕೇಳದೆ ಕಾಲೇಜಿಗೆ ಎತ್ತಿಕೊಂಡು ಬಂದಿದ್ದ. ಒಂದು ದಿನ ಅದರಲ್ಲಿ ಅಮೆರಿಕದ ಕರಿಯರ ಕ್ಯಾಸೆಟ್ಟು ಹಾಕಿ, ಇದನ್ನು ರ‍್ಯಾಪ್ ಅನ್ನುತ್ತಾರೆ, ರಾಗ ಇಲ್ಲ, ಬರೀ ಮಾತು ಮತ್ತು ತಾಳ, ಸಿಟ್ಟು ಬಂದವರು ಹಾಡುವುದು ಎಂದು ಮೇಷ್ಟ್ರ ಹಾಗೆ ವಿವರಿಸಿದ. ಇದನ್ನು ಕಲಿಯಲು ಅಷ್ಟು ದೂರ ಯಾಕೆ, ನಮ್ಮವ್ವನಿಗೇ ಬರುತ್ತದೆ ಅಂದೆ. ಅವನು ನಕ್ಕ. ನಾನು ಎದ್ದು ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ಕಾಲು ಮುಂದಿಟ್ಟು ನಿಂತೆ. ಆಮೇಲೆ ಅವನು ನಗಲಿಲ್ಲ, ಊಟದ ಡಬ್ಬಿ ಬೋರಲು ಹಾಕಿ ತಾಳ ಹಿಡಿದ.

ಆ ದೀಪಾವಳಿಗೆ ಟೇಪ್ ರೆಕಾರ್ಡರು ಹೊತ್ತುಕೊಂಡು ಊರಿಗೆ ಬಂದಿದ್ದೆ. ಗೋಗರೆದ ಮೇಲೆ, ಕೊಟ್ಟಿಗೆಯಲ್ಲಿ ಹಸುವಿನ ಮಗ್ಗುಲಿಗೆ ಕೂತು ನೀನು ಒಂದು ಸಲ ಹೇಳಿದೆ. ದನಿ ಸಾಲದು ಎಂದು ನೀನು ಅಂದಿದ್ದಕ್ಕೆ ನಾನು, ಮಿಷನ್ನು ದೊಡ್ಡದು ಮಾಡುತ್ತದೆ ಬಿಡು ಅಂದೆ. ಆ ಕ್ಯಾಸೆಟ್ಟಿನ ವಿಷಯ ಈಗ ಬೇಡ.

ಅಟ್ಟದ ಮೇಲೆ ನಾನು ಕಟ್ಟಿದ ಮಾತುಗಳು, ನಡುನಡುವೆ ಆ ಬೈಗುಳ. ಇಷ್ಟೇ ನಮ್ಮ ಮೊದಲ ಹಾಡು. ಹಾಸ್ಟೆಲಿನಲ್ಲಿ ಒಬ್ಬರಿಂದ ಒಬ್ಬರು ಕಾಪಿ ಮಾಡಿಕೊಂಡರು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಗೆ ಅದು ಹೇಗೆ ಹೋಯಿತೋ ನನಗೂ ಗೊತ್ತಿಲ್ಲ. ನೀನು ಮೊದಲು ಕೇಳಿದ್ದು ಬಸ್ಸಿನಲ್ಲಿ. ನಮ್ಮ ಬೀದಿ ತುದಿಯ ಬಸವಲಿಂಗಮ್ಮ ನಿನ್ನ ತೊಡೆ ತಿವಿದು, "ಲಕ್ಕಮ್ಮ, ಇದು ನಿನ್ ದನಿ ಅಲ್ವಾ!" ಅಂದಳಂತೆ. ನೀನು ಸೆರಗು ತಲೆ ಮೇಲೆ ಎಳೆದುಕೊಂಡು ಕಿಟಕಿ ಕಡೆ ತಿರುಗಿದೆಯಂತೆ. ಅದನ್ನು ಕೇಳಿ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಅರಕಲಗೂಡಿನ ಗಣಪತಿ ಪೆಂಡಾಲಿನಲ್ಲಿ ಹಾಡಲು ಹೋದಾಗ, ಹೆಣ್ಣುಮಗಳ ಬಾಯಲ್ಲಿ ಇದೇನು ಬೈಗುಳ ಎಂದು ಹಾಡಿನ ಮಧ್ಯೆ ಮೈಕು ಆಫ್ ಮಾಡಿಸಿದರು. ನಾನು ಮೈಕು ಕೆಳಗಿಟ್ಟು ಹಾಗೇ ಹಾಡಿ ಮುಗಿಸಿದೆ. ಹಿಂದಿನ ಸಾಲಿನವರೂ ಚಪ್ಪಾಳೆ ಹೊಡೆದರು. ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮೈಕು ಯಾಕೆ? ಅಲ್ಲಿಂದ ಮುಂದೆ ಬೆಂಗಳೂರಿನ ಎಫ್ಎಂ, ಆಮೇಲೆ ಟಿವಿ, ಆಮೇಲೆ ಈ ಮ್ಯೂಸಿಕ್ ಕಂಪನಿ. ಕಂಪನಿಯವರು ಮೊದಲ ದಿನವೇ ನನ್ನ ಹೆಸರು ಬದಲಾಯಿಸಲು ಕೂತರು. ಸ್ಟೈಲಾಗಿ ಏನಾದರೂ ಇರಲಿ ಎಂದು ಏನೇನೋ ಬರೆದು ತೋರಿಸಿದರು. ನಾನು ಹಾಳೆ ಎಳೆದುಕೊಂಡು "ಲಕ್ಕಮ್ಮನ ಮಗಳು" ಎಂದು ಬರೆದೆ. ಅವರು ಮುಖ ಮುಖ ನೋಡಿಕೊಂಡರು. ಈಗ ಪೋಸ್ಟರಿನಲ್ಲಿ ಅದೇ ಇದೆ. ಹಾಡಿನ ಕೊನೆಯಲ್ಲಿ ಮಾತು ನಿಂತು ಒಂದು ಸಾಲಿನಷ್ಟು ಹೊತ್ತು ಬರೀ ತಾಳ ಬರುತ್ತದಲ್ಲ, ಅದು ಬಹಳ ಮಾಡರ್ನ್ ಆಗಿದೆ ಎಂದು ಹೊಗಳಿದರು. ನಾನು ಹೌದು ಹೌದು ಅಂದೆ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ಹಾಸನದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಮೈದಾನದ ತುಂಬ ಜನ. ಮುಂದೆ ಪಾಸು ಇದ್ದವರ ಕುರ್ಚಿಗಳು, ಅಲ್ಲಿ ಅವರು! ಇಸ್ತ್ರಿ ಶರ್ಟು, ಭುಜದ ಮೇಲೆ ಟವಲು, ಅಕ್ಕಪಕ್ಕ ಬೀಗರು. ನನ್ನ ಕಡೆ ನೋಡಿ, ಬೇಡ ಅನ್ನುವ ಹಾಗೆ ಒಂದು ಸಲ ತಲೆಯಾಡಿಸಿದರು. ನಿನಗೆ ಮಾತು ಕೊಟ್ಟಾಗಿದೆ, ಮಗಳು ಕೇಳುತ್ತಾಳೆ ಎಂದು ನಂಬಿ ಬಂದಿದ್ದರೋ ಏನೋ. ನೀನು ನೀರು ತರುವ ಬೀದಿ ಕಣ್ಣಮುಂದೆ ಬಂತು. ಬೈಗುಳ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ಹೌದು.

ಬಿಡಲಿಲ್ಲ. ಏಣಿ ಆಯಿತು, ಗಂಟಲು ಆಯಿತು, ನೀರು ಕೊಡುವ ಕೈಗೆ ಬಂದೆ. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ನಿಂತು, ಅಷ್ಟು ಜನರ ನಡುವೆ, "ಯಾರಿಗಮ್ಮೀ ನೀನು ಬಯ್ತಿರಾದು? ಅಟ್ಟ ನಮ್ಮಪ್ಪ ಕಟ್ಸಿದ್ದು, ಕೊಬ್ರಿ ನಮ್ದೇ!" ಎಂದು ಕೂಗಿದರು.

ಅವ್ವ, ಆ ಹಾಡಿನಲ್ಲಿ ಕೊಬ್ಬರಿ ಅನ್ನುವ ಮಾತೇ ಇಲ್ಲ. ಬರೀ ಅಟ್ಟ. ಹಾಡನ್ನು ಬಾಯಿಪಾಠ ಮಾಡಿದ ಹುಡುಗರಿಗೂ ಅಟ್ಟದಲ್ಲಿ ಏನಿತ್ತೆಂದು ಗೊತ್ತಿಲ್ಲ.

ಆಗ ಹೆಂಗಸರ ಕಡೆಯಿಂದ ಒಂದು ಗಂಟಲು ಎದ್ದಿತು: "ಬಾಗ್ಲು ತೆಗ್ದ ಕಣ್ರೇ! ಬಾಗ್ಲು ತೆಗ್ದ!" ಅದು ಯಾರೆಂದುಕೊಂಡೆ? ನಿನ್ನ ತೊಡೆ ತಿವಿದ ಬಸವಲಿಂಗಮ್ಮ. ಹಾಸನದ ಮಗಳ ಮನೆಗೆ ಬಂದಿದ್ದಳಂತೆ. ಹಳ್ಳಿ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕೇ? ಗೊಳ್ಳೆಂದು ನಕ್ಕರು. ಪ್ರದ್ಯುಮ್ನ ಅದಕ್ಕೇ ತಾಳ ಕೊಟ್ಟುಬಿಟ್ಟ. ಮೈದಾನವೆಲ್ಲ "ಬಾಗ್ಲು ತೆಗ್ದ, ಬಾಗ್ಲು ತೆಗ್ದ" ಎಂದು ಕುಣಿಯಿತು. ಅರ್ಥ ಗೊತ್ತಿಲ್ಲದವರೂ ಕುಣಿದರು. ನಾನು ಅವರೊಂದಿಗೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಅವರು ಟವಲು ಕೊಡವಿ ಹೊರಟರು. ಬೀಗರು ಕೂತೇ ಇದ್ದರು.

ಅವತ್ತು ಹಾಕಿಕೊಂಡ ಬಾಗಿಲು ಹನ್ನೆರಡು ವರ್ಷಕ್ಕೆ ತೆಗೆಯಿತು. ಇನ್ನು ಅದನ್ನು ಹಾಡಿನಿಂದ ತೆಗೆ ಅನ್ನಬೇಡ. ಎರಡು ಸಾಲು ತೆಂಗು ಬೇಡವೆಂದು ನಾನು ಹೇಳುತ್ತಿಲ್ಲ. ತೋಟದಲ್ಲಿ ಅಪ್ಪನ ಪಾಲು ಎಷ್ಟಿದೆಯೋ ಅಷ್ಟನ್ನೂ ಕೇಳುತ್ತೇವೆ, ಹಗಲಲ್ಲಿ, ವಕೀಲರನ್ನು ಕರೆದುಕೊಂಡು. ಬಾಯಿ ಮುಚ್ಚಿಕೊಂಡದ್ದಕ್ಕೆ ಬಹುಮಾನ ಅಂತ ಕೊಡುವುದಾದರೆ ಒಂದು ಗರಿಯೂ ಬೇಡ. ಯಜಮಾನರು ಮತ್ತೆ ಕಟ್ಟೆಗೆ ಕರೆದರೆ ಹೋಗಬೇಡ. ಮಾತಾಡಬೇಕಾದವರು ನಮ್ಮ ಜಗಲಿಗೆ ಬರಲಿ, ಮಜ್ಜಿಗೆ ಕೊಟ್ಟು ಕೂರಿಸು. ಇನ್ನು ನೀರಿನ ಮಾತು. ನಲ್ಲಿಯ ಹತ್ತಿರ ನಿನ್ನ ಮುಂದೆ ಬಿಂದಿಗೆ ಇಟ್ಟುಕೊಂಡು ನಿಲ್ಲುವವಳು ಬಸವಲಿಂಗಮ್ಮನೇ ಅಲ್ಲವೇ? ಧೈರ್ಯವಾಗಿ ಹೋಗು.

ಇಂತಿ,
ಹೆಸರು ಗೊತ್ತಿದ್ದೂ ಕೊನೆಯವರೆಗೆ ಬರೆಯದ,
ಲಕ್ಕಮ್ಮನ ಮಗಳು

ಮರೆತ ಮಾತು: ಮೇಷ್ಟ್ರೇ, ಜಗಲಿ ಇಲ್ಲಿಗೆ ಸಾಕು. ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಇದನ್ನು ಅವ್ವನಿಗೆ ಮಾತ್ರ ಮೆಲ್ಲಗೆ ಓದಿ.

ಅವ್ವ, ನಿನ್ನ ಬೈಗುಳ ತೆಗೆ ಅಂದೆಯಲ್ಲ, ತೆಗೆಯಲು ನಿನ್ನ ದನಿ ಅಲ್ಲಿ ಇಲ್ಲವೇ ಇಲ್ಲ. ಕೊಟ್ಟಿಗೆಯಲ್ಲಿ ಹಿಡಿದ ಕ್ಯಾಸೆಟ್ಟನ್ನು ಹಾಸನಕ್ಕೆ ತಂದು ಹಾಕಿದೆವು. ಹಸು ಮೆಲುಕು ಹಾಕುವುದು ಕೇಳುತ್ತದೆ. ಗೋಡೆಯಾಚೆ ದೊಡ್ಡಪ್ಪ ಕೆಮ್ಮುವುದೂ ಕೇಳುತ್ತದೆ. ನೀನು ಕೇಳಿಸುವುದಿಲ್ಲ. ಪ್ರದ್ಯುಮ್ನ ಎಷ್ಟು ತಿರುಗಿಸಿದರೂ ನಿನ್ನ ದನಿ ಮೇಲೇಳಲಿಲ್ಲ. ಅವತ್ತು ಹಾಸ್ಟೆಲಿಗೆ ಹೋಗಿ ತುಂಬಾ ಅತ್ತೆ. ಮಾರನೆಯ ದಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು, ಹೊಸಲಿನ ಮೇಲೆ ಕೂತು ಕೇಳಿದ್ದನ್ನು ನಾನೇ ಬಯ್ದೆ. ಬಸ್ಸಿನಲ್ಲಿ ಬಸವಲಿಂಗಮ್ಮ ಗುರುತು ಹಿಡಿದದ್ದು ನನ್ನ ದನಿ. ನೀನು ನಿನ್ನದೆಂದು ನಾಚಿಕೊಂಡದ್ದೂ ನನ್ನ ದನಿಗೇ. ಆ ಸಂಜೆಯ ನಿನ್ನ ದನಿ ನನ್ನ ಗಂಟಲಲ್ಲಿ ಭದ್ರವಾಗಿದೆ, ಅದನ್ನು ಯಾವ ಕಟ್ಟೆಯವರಿಂದಲೂ ಕಿತ್ತುಕೊಳ್ಳಲಾಗಲಿಲ್ಲ.

ಕೊನೆಯ ಬರೀ ತಾಳ ಮಾಡರ್ನೂ ಅಲ್ಲ, ಮಣ್ಣೂ ಅಲ್ಲ. ಅವತ್ತು ನೀನು ಇನ್ನೂ ಒಂದು ಮಾತಿಗೆ ಕೈ ಎತ್ತಿದ್ದೆ, ಅಷ್ಟರಲ್ಲಿ ಯಜಮಾನರು ಬಂದರು. ಆ ಮಾತು ಏನೆಂದು ನನಗೆ ಗೊತ್ತಿಲ್ಲ. ನನ್ನದೊಂದನ್ನು ಅಲ್ಲಿ ತುರುಕಲು ಮನಸ್ಸು ಬರಲಿಲ್ಲ, ನಿನ್ನ ಜಾಗವನ್ನು ಹಾಗೇ ಬಿಟ್ಟಿದ್ದೇನೆ. ಶನಿವಾರ ಬೆಂಗಳೂರಿನಲ್ಲಿ ರೆಕಾರ್ಡಿಂಗ್. ಬಸವಲಿಂಗಮ್ಮನನ್ನು ಜೊತೆ ಮಾಡಿಕೊಂಡು ಶುಕ್ರವಾರವೇ ಬಸ್ಸು ಹತ್ತು. ಬಂದು ಆ ಒಂದು ಸಾಲು ಬಯ್ದು ಹೋಗು.