ಕೂಸಪ್ಪನವರ ಕಿಟಕಿಯ ಗ್ಲಾಸು

ಹಳೆಯ ಕಟ್ಟಡಗಳನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ಕಾಪು ಪೇಟೆಯ ಕೂಸಪ್ಪನವರ ಚಾದಂಗಡಿಗೆ ನೀವು ಹಾಕಿಸಿದ ಫಲಕ ಸುಳ್ಳು ಹೇಳುತ್ತಿದೆ. ‘ಪ್ರಯಾಣಿಕರ ದಣಿವಾರಿಸುತ್ತಿದ್ದ ಈ ಅಂಗಡಿ ಕೆಲವು ಕಿಡಿಗೇಡಿಗಳ ಗಲಭೆಯಿಂದ ಮುಚ್ಚಿತು’ ಎಂದು ಹಿತ್ತಾಳೆಯಲ್ಲಿ ಕೊರೆಸಿದ್ದೀರಿ. ಗೋಡೆಗೆ ಸುಣ್ಣ ಬಳಿದಿರಿ, ಸರಿ. ಚರಿತ್ರೆಗೂ ಬಳಿಯಬೇಕಿತ್ತೇ?

ತುರ್ತು ಪರಿಸ್ಥಿತಿಯ ಕಾಲದಲ್ಲಿ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೀಡಿ ಕಾರ್ಮಿಕರು ಸೇರುತ್ತಿದ್ದರು. ನಿಷೇಧಿತ ಕರಪತ್ರಗಳು ಬೀಡಿ ಎಲೆಯ ಕಟ್ಟಿನೊಳಗೆ ಅಡಗಿ ಕಾರ್ಕಳದವರೆಗೆ ಹೋಗುತ್ತಿದ್ದವು. ಕಿಟಕಿಯಲ್ಲಿ ಸದಾ ಒಂದು ಚಾ ಗ್ಲಾಸು. ನೆಟ್ಟಗಿದ್ದರೆ ಒಳಗೆ ಬನ್ನಿ. ಕವುಚಿಟ್ಟಿದ್ದರೆ ಪೊಲೀಸರಿದ್ದಾರೆ, ಹಾಗೇ ಮುಂದೆ ನಡೆಯಿರಿ ಎಂದರ್ಥ. ಒಂದು ಬೆಳಿಗ್ಗೆ ಪೊಲೀಸರು ನುಗ್ಗಿದಾಗ ಅದನ್ನು ಕವುಚಿದವಳು ಕೂಸಪ್ಪನವರ ಮಗಳು, ಇಪ್ಪತ್ತರ ಗುಣವತಿ. ಸಭೆಗೆ ಬರುತ್ತಿದ್ದ ಹನ್ನೊಂದು ಮಂದಿ ಅದನ್ನು ಕಂಡು ಮುಂದೆ ನಡೆದು ಪಾರಾದರು. ಒಲೆಯ ಮುಂದಿದ್ದ ಕೂಸಪ್ಪ ಜೈಲಿಗೆ ಹೋದರು. ಅಂಗಡಿ ಮುಚ್ಚಿದ್ದು ಅಂದು. ಮುಚ್ಚಿಸಿದವರು ಯಾರು, ಹೇಳಿ?

ನಿಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಿಮ್ಮನ್ನು ನನ್ನ ನೆರೆಮನೆಯ ಗುಣವತಿ ಅಜ್ಜಿಯ ಬಳಿಗೆ ಕರೆದೊಯ್ದವನು ನಾನೇ. ಎರಡು ಗಂಟೆ ಕೂತು ಎಲ್ಲ ಬರೆದುಕೊಂಡಿರಿ. “ನಿಮ್ಮ ತಂದೆಯ ಹೆಸರು ಮೊದಲ ಸಾಲಿನಲ್ಲೇ ಇರುತ್ತದೆ, ಅಮ್ಮಾ” ಎಂದಿರಿ. ಅಂಗಡಿಯಲ್ಲಿ ಪ್ರದರ್ಶನಕ್ಕಿಡಲು ನೀವು ಕೇಳಿದಾಗ, ಐವತ್ತು ವರ್ಷ ಸೀರೆಯಲ್ಲಿ ಸುತ್ತಿಟ್ಟಿದ್ದ ಆ ಗ್ಲಾಸನ್ನು ಕೊಡಲು ಅವರಿಗೆ ಮನಸ್ಸಿರಲಿಲ್ಲ.

“ಸರಕಾರದ ಕೈಗೆ ಕೊಡುವುದಾ ವಿಕಾಸ? ಅಪ್ಪನನ್ನೂ ಅವರೇ ಕೊಂಡುಹೋದದ್ದಲ್ವಾ?”

“ಈಗ ಕಾಲ ಬದಲಾಗಿದೆ ಅಜ್ಜಿ” ಎಂದು ಹೇಳಿ ಕೊಡಿಸಿದೆ. ಅಜ್ಜಿಯ ಬಳಿ ಉಳಿದಿದ್ದ ಆ ಕಾಲದ ಕರಪತ್ರಗಳನ್ನು ಓದಿ ಓದಿ ನಾನು ಕಲಿತದ್ದು ಇಷ್ಟೇ!

ಉದ್ಘಾಟನೆಯ ದಿನ ಅವರಿಗೆ ಫಲಕ ಓದಿ ಹೇಳಿದವನೂ ನಾನೇ. “ಕಿಡಿಗೇಡಿ ಅಂದರೆ ಅಪ್ಪನಾ, ನಾನಾ?” ಎಂದು ಕೇಳಿದರು. ಅವರಿಗೀಗ ಅಕ್ಷರ ಕಾಣುವುದಿಲ್ಲ, ಗ್ಲಾಸು ಕಾಣುತ್ತದೆ. ಧೂಳು ಬೀಳದಿರಲೆಂದು ಅದನ್ನು ನೀವು ಕಿಟಕಿಯಲ್ಲಿ ಕವುಚಿಟ್ಟಿದ್ದಿರಿ. ಅಜ್ಜಿ ನಕ್ಕರು. “ಇದೊಂದು ಸರಿಯಾಗಿ ಇಟ್ಟಿದ್ದಾರೆ ಮಾರಾಯ. ಒಳಗೆ ಹೋಗುವುದು ಬೇಡ, ನಡಿ.”

ಆ ಫಲಕ ಇಳಿಸಿ. ಕೂಸಪ್ಪ ಮತ್ತು ಗುಣವತಿ, ಈ ಎರಡು ಹೆಸರು ಕೊರೆದ ಫಲಕ ಹಾಕಿ. ಅಷ್ಟು ಧೈರ್ಯವಿಲ್ಲದಿದ್ದರೆ ಗ್ಲಾಸು ಹಿಂದೆ ಕೊಡಿ. ಅಜ್ಜಿಯನ್ನು ಕರೆದುಕೊಂಡು ಅಂಗಡಿಯೆದುರು ಬರುತ್ತೇನೆ. ಮಾತಿಗೆ ಸಿದ್ಧರಿದ್ದರೆ ಗ್ಲಾಸನ್ನು ನೆಟ್ಟಗಿಡಿ. ಕವುಚಿದ್ದರೆ ಒಳಗೆ ಯಾರಿದ್ದಾರೆಂದು ತಿಳಿದುಕೊಳ್ಳುತ್ತೇವೆ. ಆದರೆ ಈ ಸಲ ಹಾಗೇ ಮುಂದೆ ನಡೆಯುವುದಿಲ್ಲ.

ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.

ಇಂತಿ,
ಅಜ್ಜಿಯ ಗ್ಲಾಸನ್ನು ನಿಮ್ಮ ಕೈಗಿತ್ತ ದಡ್ಡ,
ವಿಕಾಸ್, ಶಿರ್ವ