ಬಿಸಿನೀರು ಮುಟ್ಟಬೇಡ

ಪುಟ್ಟೀ,

ಗೀಸರ್ ಫ್ಯೂಸ್ ಕಿತ್ತು ನನ್ನ ಬ್ಯಾಗಲ್ಲಿ ಹಾಕ್ಕೊಂಡಿದೀನಿ, ಹುಡುಕಬೇಡ. ಒಲೆ ಮೇಲೂ ನೀರು ಕಾಯಿಸಬೇಡ.

ಪ್ರತಿ ಸಲ ಡಾಕ್ಟರ ಹತ್ರ ಹೋಗೋ ಮುಂಚೆ ಬಿಸಿನೀರಲ್ಲಿ ಕೈ ಅದ್ದಿ, ಬೆರಳು ಸಡಿಲ ಮಾಡ್ಕೊಂಡು, ಅವರ ಮುಂದೆ ಮುಷ್ಟಿ ಹಿಡಿದು ತೋರಿಸಿ ನಗ್ತಾ ವಾಪಸ್ ಬರ್ತೀಯ. ಬೆಳಗಾದ್ರೆ ನಿನ್ನ ಜಡೆ ಹೆಣೆಯೋಳು ನಾನು. ಸಾಕಾಗಿದೆ ಕಣೇ.

ಇವತ್ತು ಬೆರಳು ಹೇಗಿದ್ಯೋ ಹಾಗೇ ಹೋಗು. ಅಮ್ಮನಿಗೂ ಸಂಧಿವಾತ ಇತ್ತು ಅಂತ ಬಾಯಿಬಿಟ್ಟು ಹೇಳು. ಮೈ ತನ್ನನ್ನೇ ತಿನ್ನೋ ಆ ಕಾಯಿಲೆ ನಿನಗೂ ಇದೆಯಾ ಅಂತ ನೋಡೋಕೆ ರಕ್ತಪರೀಕ್ಷೆ ಬರೀತಾರೆ. ಕೊಟ್ಟೇ ಬಾ. ತಿಂಡಿ ತಿಂದಿದ್ರೂ ನಡೆಯುತ್ತಂತೆ, ಆ ನೆಪ ಬೇಡ.

ಅಮ್ಮನ ಕೈ ಬಾಯಿಗೆ ಹೋಗದೇ ಇದ್ದಾಗ ತುತ್ತು ಇಟ್ಟೋಳು ನೀನು. ನಿನಗೆ ಇಡೋ ಶಕ್ತಿ ನನಗಿಲ್ಲ.

ಅಕ್ಕ